ಎರಡನೆಯ ಆಲ್ಬಮ್ಮಿಗೊಂದು ಸೀನು

ಮಾರ್ಚ್ ೪, ಸೋಮವಾರ

ಇಂದು ಬಸ್ಸಿನಲ್ಲಿ ಯಾರೋ ಒಬ್ಬ ನನ್ನ ಸೀನನ್ನು ಸೀನಿದ. ಹಿಂದಿನ ಸೀಟಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದ ಮನುಷ್ಯ, ಆ ಜಾಗ ಬಂದ ಕೂಡಲೇ ತಲೆ ಹಿಂದಕ್ಕೆ ಎಸೆದು “ಆ... ಆ... ಹಾಕ್ಷೀ!” ಎಂದ. ಪಕ್ಕದವಳು ತೋಳು ಒರೆಸಿಕೊಂಡಳು. ನಾನು ತಿರುಗಿ, “ಎರಡನೇ ‘ಆ’ ಇನ್ನೂ ಸ್ವಲ್ಪ ಎಳೀಬೇಕಪ್ಪ,” ಎಂದೆ. ನಾನು ಯಾರೆಂದು ಅವನಿಗೆ ಗೊತ್ತಾಗಲಿಲ್ಲ. ದೊಡ್ಡವರ ಪಾಡೇ ಇಷ್ಟು.

ಮುಂದೆ ನನಗೇ ಮರೆತುಹೋದರೆ ಇರಲಿ ಎಂದು ಒಂದಿಷ್ಟು ಬರೆದಿಟ್ಟುಕೊಳ್ಳುತ್ತೇನೆ. ನಾನು ಹಾಸಿಗೆ ಹೊಲಿಯುವವನು. ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಅಲ್ಲಿಗೆ ವಿದ್ಯೆ ಸಾಕಷ್ಟಾಯಿತೆಂದು ನಾನೂ ನಮ್ಮ ಮೇಷ್ಟರೂ ಒಟ್ಟಿಗೇ ತೀರ್ಮಾನಿಸಿದೆವು. ನನ್ನ ಅಕ್ಕನ ಮಗಳು, ಮನೆಯವರೆಲ್ಲ ಗುಬ್ಬಿ ಎಂದು ಕರೆಯುವವಳು, ಒಂದು ರಾಕ್ ತಂಡ ಕಟ್ಟಿಕೊಂಡು ಹಾಡುತ್ತಾಳೆ. ಗಿಟಾರಿನವನು ಗಡ್ಡ, ಡ್ರಮ್ಸಿನವನು ಡಬ್ಬ. ಮೂವರೂ ಅಭ್ಯಾಸ ಮಾಡುವುದು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗೋಡೆಗೆ ಒರಗಿಸಿದ ಹಾಸಿಗೆಗಳು ಸದ್ದನ್ನೆಲ್ಲ ನುಂಗಿಬಿಡುತ್ತವೆ, ಬೀದಿಯವರು ಜಗಳಕ್ಕೆ ಬರುವುದಿಲ್ಲ.

ಮೊದಲನೆಯ ಆಲ್ಬಮ್ಮನ್ನೂ ಅಲ್ಲೇ ರೆಕಾರ್ಡ್ ಮಾಡಿದರು. ಅದರ ಮೊದಲ ಹಾಡಿನಲ್ಲಿ ಗಿಟಾರು ನಿಂತು, ಡ್ರಮ್ಸ್ ಇನ್ನೂ ಶುರುವಾಗದ ಒಂದು ಗಳಿಗೆ ಇದೆ. ಸರಿಯಾಗಿ ಆ ಗಳಿಗೆಯಲ್ಲಿ, ಪಕ್ಕದಲ್ಲಿ ಅರಳೆ ಹಿಂಜುತ್ತಿದ್ದ ನಾನು ಸೀನಿದೆ. ಅದು ಹಾಗೇ ಉಳಿಯಿತು. ಹಾಡು ಎಲ್ಲ ಕಡೆ ಓಡಿತು. ಈಗ ತಂಡ ಎಲ್ಲಿ ಹಾಡಿದರೂ ಆ ಜಾಗ ಬಂದಾಗ ಸಭೆಗೆ ಸಭೆಯೇ ಸೀನುತ್ತದೆ.

ಮೊದಲನೆಯ ಆಲ್ಬಮ್ ಗೆದ್ದದ್ದು ಯಾರಿಂದ ಎಂದು ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತಿರುತ್ತೇನೆ.

ಎರಡನೆಯದು ಈ ತಿಂಗಳು ಶುರು.


ಮಾರ್ಚ್ ೬, ಬುಧವಾರ

ಕ್ಷೌರದಂಗಡಿಯವನು ನನ್ನ ತಲೆಯನ್ನು ಮುಂದಕ್ಕೆ ಒತ್ತಿ ಹಿಡಿದುಕೊಂಡು ಹೇಳಿದ: “ಎರಡನೇದು ಮೊದಲನೇದರಷ್ಟು ಬರಲ್ಲ ಬಿಡಿ. ಯಾರದ್ದೂ ಬರಲ್ಲ. ಮೊದಲನೇದಕ್ಕೆ ಹುಟ್ಟಿದಾಗಿಂದ ಕೂಡಿಟ್ಟಿದ್ದನ್ನೆಲ್ಲ ಸುರಿದಿರ್ತಾರೆ. ಎರಡನೇದಕ್ಕೆ ಬರೀ ಚೀಲ ಜಾಡಿಸ್ತಾರೆ.”

“ನನ್ನ ಚೀಲದಲ್ಲಿ ಸೀನು ಇನ್ನೂ ಬೇಕಾದಷ್ಟಿದೆ ಕಣಯ್ಯ.”

“ಅಲ್ಲಾಡಬೇಡಿ. ಕಿವಿ ಹೋಗುತ್ತೆ.”

ಅಸೂಯೆ. ಅವನ ಅಂಗಡಿಯಲ್ಲಿ ಯಾರೂ ಏನನ್ನೂ ರೆಕಾರ್ಡ್ ಮಾಡಿಲ್ಲ.


ಮಾರ್ಚ್ ೯, ಶನಿವಾರ

ಆಲ್ಬಮ್ ಹೊರತರುವ ಕಂಪನಿಯವರು ಇಂದು ಅಂಗಡಿಗೇ ಬಂದಿದ್ದರು. ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಕೂತುಕೊಳ್ಳಿ ಎಂದು ನಮ್ಮಲ್ಲಿನ ಅತಿ ಮೆತ್ತನೆಯ ಹಾಸಿಗೆ ತೋರಿಸಿದೆ. ಕೂತವರು ಹಾಗೇ ಒಳಕ್ಕೆ ಇಳಿದುಬಿಟ್ಟರು. ಮುಂದಿನ ಮಾತೆಲ್ಲ ಮೊಣಕಾಲುಗಳ ನಡುವಿನಿಂದ ಬಂತು.

“ಎರಡನೇದು ಮೊದಲನೇದರ ಹಾಗೆ ಓಡಬೇಕು. ಓಡಲಿಲ್ಲ ಅಂದ್ರೆ ಮೂರನೇದು ಅನ್ನೋದು ಇಲ್ಲ. ನೇರವಾಗಿ ಹೇಳ್ತೀನಿ, ನಂಗೆ ಸೀನು ಬೇಕು.”

“ನಾನಿದೀನಿ,” ಎಂದು ಎದ್ದು ನಿಂತೆ.

ಗುಬ್ಬಿ, “ಸೀನು ಬೇಡ,” ಎಂದಳು. “ಈ ಸಲ ಹಾಡು ಸಾಕು.”

ಗಡ್ಡ ಗಿಟಾರಿನ ತಂತಿ ನೋಡಿದ. ಡಬ್ಬ ಮಾತ್ರ, “ಒಂದೇ ಒಂದು ಇರ್ಲಿ ಬಿಡೇ, ಚಿಕ್ಕದು,” ಎಂದ. ಒಳ್ಳೆಯ ಮನುಷ್ಯ.

ಅವರೆಲ್ಲ ಟೀ ಕುಡಿಯಲು ಹೋದ ಮೇಲೆ ಗುಬ್ಬಿ ನನ್ನ ಹತ್ತಿರ ಬಂದು ಹೊಲಿಗೆ ಮಿಷನ್ನಿಗೆ ಒರಗಿ ನಿಂತಳು. “ಮಾವ, ಬೇಜಾರು ಮಾಡ್ಕೋಬೇಡ. ಜನ ನನ್ನ ಹಾಡು ಕೇಳೋಕೆ ಬರ್ತಿಲ್ಲ. ನಿನ್ನ ಸೀನು ಕೇಳೋಕೆ ಬರ್ತಿದಾರೆ.”

“ಅದಕ್ಯಾಕಮ್ಮ ಅಷ್ಟು ಸಂಕೋಚ? ನಂಗೇನು ಗೊತ್ತಿಲ್ವಾ,” ಎಂದೆ.

ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಹೊರಟುಹೋದಳು. ಪಾಪ, ಕೃತಜ್ಞತೆಯಿಂದ ಬಾಯಿ ಕಟ್ಟಿತ್ತು.

ಕೊನೆಗೆ ರಾಜಿಯಾಯಿತು. ಸ್ಟುಡಿಯೊದಲ್ಲಿ ನನಗೆ ಒಂದು ಅವಕಾಶ. ಚೆನ್ನಾಗಿ ಬಂದರೆ ಹಾಕುವುದು, ಬರದಿದ್ದರೆ ಇಲ್ಲ. ಬರದೇ ಎಲ್ಲಿಗೆ ಹೋಗುತ್ತದೆ!


ಮಾರ್ಚ್ ೧೦, ಭಾನುವಾರ

ಇಡೀ ದಿನ ಅಭ್ಯಾಸ. ಸೂರ್ಯನನ್ನು ನೋಡಿದೆ, ಕೋಳಿಪುಕ್ಕ ಮೂಗಿಗೆ ಆಡಿಸಿದೆ, ತಣ್ಣೀರಲ್ಲಿ ಕಾಲಿಟ್ಟುಕೊಂಡು ಕೂತೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, “ರೀ, ಮದುವೆಯಾದಾಗಿಂದ ನಾನು ಮಲಗೋ ಹೊತ್ತಿಗೆ ಸರಿಯಾಗಿ ಸೀನ್ತಿದ್ರಲ್ಲ. ಈಗ ಏನಾಯ್ತು?” ಎಂದಳು.

“ಕಲಾವಿದರಿಗೆ ಮೂಡು ಬರಬೇಕು.”

“ನಂಗೂ ಬರ್ಲಿ ಮೂಡು. ಅಡುಗೆ ನೀವೇ ಮಾಡ್ಕೊಳ್ಳಿ.”


ಮಾರ್ಚ್ ೧೫, ಶುಕ್ರವಾರ

ಸ್ಟುಡಿಯೊ ಎಂದರೆ ಏನೋ ಎಂದುಕೊಂಡಿದ್ದೆ. ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದಾರೆ, ಅದೂ ಕೈಯಿಟ್ಟರೆ ಪುಡಿಯುದುರುವ ಕೊನೆಯ ದರ್ಜೆಯದು. ನಾನು ಅದನ್ನು ಹೇಳಿದ್ದಕ್ಕೆ ರೆಕಾರ್ಡ್ ಮಾಡುವ ಹೆಡ್‌ಫೋನಿನವನು, “ಸಾರ್, ಗೋಡೆ ಮುಟ್ಟಬೇಡಿ, ಮೈಕ್ ಮುಂದೆ ಬನ್ನಿ,” ಎಂದ. ಗಾಜಿನ ಆಚೆ ಕಂಪನಿಯವರು, ಗಡ್ಡ, ಡಬ್ಬ, ಗುಬ್ಬಿ ಸಾಲಾಗಿ ನಿಂತಿದ್ದರು. ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ.

“ರೆಡಿ ಸಾರ್. ಸೀನಿ.”

ಬರಲಿಲ್ಲ.

ಮೂಗೆಳೆದೆ, ಹುಬ್ಬೇರಿಸಿದೆ, ಬಾಯಿ ತೆರೆದೆ. ಆಕಳಿಕೆ ಬಂತು. ಹೆಡ್‌ಫೋನಿನವನು ಅದನ್ನೂ ರೆಕಾರ್ಡ್ ಮಾಡಿಕೊಂಡ.

ಇಂಥ ಹೊತ್ತಿಗಿರಲೆಂದು ಜೇಬಿನಲ್ಲಿ ಕಾಳುಮೆಣಸಿನ ಪುಡಿಯ ಪೊಟ್ಟಣ ಇಟ್ಟುಕೊಂಡಿದ್ದೆ. ಅಂಗೈಗೆ ಸುರಿದುಕೊಂಡು ಜೋರಾಗಿ ಎಳೆಯಬೇಕು ಎನ್ನುವಷ್ಟರಲ್ಲಿ ತಲೆಯ ಮೇಲಿನ ಫ್ಯಾನು ತಿರುಗಿತು. ಪುಡಿಯೆಲ್ಲ ತೆರೆದ ಬಾಗಿಲಿನಿಂದ ಆಚೆಗೆ ಹೋಯಿತು. ಮೊದಲು ಹೆಡ್‌ಫೋನಿನವನು ಸೀನಿದ. ಆಮೇಲೆ ಕಂಪನಿಯವರು, ಇಸ್ತ್ರಿ ಮುರಿಯುವ ಹಾಗೆ. ಗಡ್ಡ ಗಡ್ಡದೊಳಗೇ ಸೀನಿಕೊಂಡ. ಡಬ್ಬನಂತೂ ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ತಾಳಬದ್ಧವಾಗಿತ್ತು ಎಂದು ಒಪ್ಪಲೇಬೇಕು. ಇಡೀ ಕಟ್ಟಡದಲ್ಲಿ ಸೀನದೇ ಉಳಿದವನು ನಾನೊಬ್ಬನೇ.

ಕೊನೆಗೆ ಮರ್ಯಾದೆ ಉಳಿಸಿಕೊಳ್ಳಲು ಸುಳ್ಳು ಸೀನು ಸೀನಿದೆ. ಅದನ್ನು ತಿರುಗಿ ಹಾಕಿ ಕೇಳಿಸಿದರು. ಯಾರೋ ಕೋಳಿಯ ಮೇಲೆ ಕಾಲಿಟ್ಟ ಹಾಗಿತ್ತು.

ಕಂಪನಿಯವರು ಮೂಗೊರೆಸಿಕೊಳ್ಳುತ್ತ, “ಮೊದಲನೇದರ ಹಾಗೆ ಬರ್ಲಿಲ್ಲ,” ಎಂದರು. ಮಾತೇನೋ ಸಣ್ಣದು. ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು. ಆಮೇಲೆ ಅವರೇ, “ಬಿಡಿ, ಹಳೇ ಸೀನನ್ನೇ ಕತ್ತರಿಸಿ ಇಲ್ಲಿಗೆ ಅಂಟಿಸೋಣ. ಯಾರಿಗೆ ಗೊತ್ತಾಗುತ್ತೆ?” ಎಂದರು.

ನನಗೆ ರೇಗಿತು. “ಸ್ವಾಮೀ, ಹಳೇ ಅರಳೆಗೆ ಹೊಸ ಬಟ್ಟೆ ಹೊದಿಸಿ ಹೊಸ ಹಾಸಿಗೆ ಅಂತ ಮಾರೋ ಅಂಗಡಿ ನಂದಲ್ಲ. ಹೊಸದು ಅಂದ್ಮೇಲೆ ಒಳಗಿಂದ ಹೊಸದಾಗಿರ್ಬೇಕು.”

ಗಾಜಿನ ಆಚೆಯಿಂದ ಗುಬ್ಬಿ ನನ್ನನ್ನೇ ನೋಡುತ್ತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು: “ಈಗ ಗೊತ್ತಾಯ್ತಾ ಮಾವ, ನಂಗೆ ದಿನಾ ಹೇಗಾಗ್ತಿದೆ ಅಂತ?”

“ನಿಂಗೂ ಸೀನು ಬರ್ತಿಲ್ವಾ?”

ಅವಳು ನಕ್ಕಳು. ನಗುತ್ತಲೇ ಕಿಟಕಿಯ ಕಡೆ ತಿರುಗಿಕೊಂಡಳು. ಇಳಿಯುವ ತನಕ ಈ ಕಡೆ ತಿರುಗಲಿಲ್ಲ.


ಮಾರ್ಚ್ ೧೬, ಶನಿವಾರ

ಬರೆಯುವಂಥದ್ದೇನಿಲ್ಲ. ಎರಡು ದಿಂಬು ಹೊಲಿದೆ. ಒಂದು ಸೊಟ್ಟ.


ಮಾರ್ಚ್ ೨೨, ಶುಕ್ರವಾರ

ಸ್ಟುಡಿಯೊದಲ್ಲಿ ಉಳಿದ ಹಾಡುಗಳೆಲ್ಲ ಮುಗಿದಿವೆಯಂತೆ. ಕೊನೆಯದೊಂದು ಮಾತ್ರ ಅಲ್ಲಿ ಕೂಡಿಬರುತ್ತಿಲ್ಲ. ಅದನ್ನು ಹಾಸಿಗೆ ಕೋಣೆಯಲ್ಲೇ ಹಾಡುತ್ತೇನೆ ಎಂದು ಗುಬ್ಬಿ ಹಟ ಹಿಡಿದಿದ್ದಾಳೆ. ಏಪ್ರಿಲ್ ಎರಡು, ಮಂಗಳವಾರ, ನಮ್ಮ ಬೀದಿಗೆ ರಜೆ.

“ಮಾವ, ಅವತ್ತು ನೀನು ಆಚೆ ಇರ್ತೀಯಾ?”

“ನನ್ನ ಅಂಗಡಿ, ನನ್ನ ಹಾಸಿಗೆ, ನಾನು ಬೀದೀಲಿ ನಿಲ್ಲಬೇಕಾ?”

“ಸರಿ. ಕೂತ್ಕೋ. ಆದ್ರೆ ಕಲ್ಲಿನ ಹಾಗೆ ಕೂತಿರ್ಬೇಕು.”

“ನಾನು ಕೂತ್ರೆ ಕಲ್ಲೇ ಎದ್ದು ಜಾಗ ಕೊಡುತ್ತೆ.”

ಹಾಗೆಂದೆ. ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಹಾಕಿದೆ. ಸ್ಟುಡಿಯೊದಲ್ಲಿ ಸೀನು ಬಾರದ್ದಕ್ಕೆ ಕಾರಣ ನಾನಲ್ಲ, ಅಲ್ಲಿ ಅರಳೆ ಇರಲಿಲ್ಲ. ಮೊದಲನೆಯದು ಬಂದದ್ದು ಹಳೇ ಅರಳೆ ಹಿಂಜುವಾಗ. ರಿಪೇರಿಗೆ ಬಂದ ಒಂದು ಪುರಾತನ ಹಾಸಿಗೆ ಮೂಲೆಯಲ್ಲಿ ಬಿದ್ದಿದೆ. ಅದನ್ನು ಬಿಚ್ಚಿದರೆ ಆನೆಯೂ ಸೀನಬೇಕು. ಬೇಕೆಂದು ಸೀನಿದರೆ ತಪ್ಪು. ತಾನಾಗಿ ಬಂದರೆ ಯಾರೇನು ಮಾಡುತ್ತಾರೆ?

ಇಂಥ ತಲೆಗೆ ಏಳನೇ ಕ್ಲಾಸು ಹೆಚ್ಚೇ ಆಯಿತು.


ಏಪ್ರಿಲ್ ೨, ಮಂಗಳವಾರ

ದವಡೆ ಇನ್ನೂ ನೋಯುತ್ತಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎಲ್ಲರೂ ಬರುವ ಮುಂಚೆಯೇ ಹಳೇ ಹಾಸಿಗೆಯ ಹೊಲಿಗೆ ಬಿಚ್ಚಿ, ಅರಳೆಯನ್ನು ಚೆನ್ನಾಗಿ ಕೆದರಿ ರಾಶಿ ಹಾಕಿ, ಮೇಲೊಂದು ಬಟ್ಟೆ ಹೊದಿಸಿದೆ. ನನ್ನ ಸ್ಟೂಲು ಅದರ ಪಕ್ಕದಲ್ಲೇ. ಬಟ್ಟೆಯ ತುದಿ ನನ್ನ ಕಾಲಿನ ಹೆಬ್ಬೆರಳ ಸಂದಿಯಲ್ಲಿ. ಹೆಂಡತಿ ಎಲ್ಲರಿಗೂ ಟೀ ತಂದವಳು ರಾಶಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ನಾನು ಛಾವಣಿ ನೋಡಿದೆ.

ಬೆಳಿಗ್ಗೆಯಿಂದ ಹಾಡಿದ್ದೇ ಹಾಡಿದ್ದು. ಪ್ರತಿ ಸಲವೂ ಅರ್ಧಕ್ಕೆ ಬಂದು ಗುಬ್ಬಿ ತಲೆಯಾಡಿಸಿ ನಿಲ್ಲಿಸುತ್ತಿದ್ದಳು. ಅರ್ಧದವರೆಗೆ ಬರೀ ಗಿಟಾರು ಮತ್ತು ಗುನುಗು, ಮಾತೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಡ್‌ಫೋನಿನವನ ಕಣ್ಣು ಕೆಂಪಾಗಿತ್ತು. “ಇದೇ ಕೊನೇ ಸಲ,” ಎಂದಳು ಗುಬ್ಬಿ. “ಬರ್ಲಿಲ್ಲ ಅಂದ್ರೆ ಈ ಹಾಡೇ ಬೇಡ. ಮುಗಿದ ಮೇಲೂ ನಾನು ಕೈ ಎತ್ತೋ ತನಕ ಯಾರೂ ಉಸಿರಾಡ್ಬೇಡಿ. ಆ ಮೌನವೂ ಹಾಡಿಂದೇ.”

ಇದೇ ಸಮಯ ಎಂದುಕೊಂಡೆ. ಗಡ್ಡ ತಂತಿ ಮೀಟಿದ ಕೂಡಲೇ ಹೆಬ್ಬೆರಳಿನಿಂದ ಬಟ್ಟೆ ಎಳೆದೆ. ಧೂಳು ನಿಧಾನವಾಗಿ ಎದ್ದು ಬಿಸಿಲ ಕೋಲಿನಲ್ಲಿ ತೇಲುತ್ತ ನನ್ನ ಕಡೆಗೇ ಹೊರಟಿತು. ವಿಧೇಯ ಧೂಳು.

ಆಗ ಮಾತು ಬಂತು.

*ಚಪ್ಪಲಿ ಕೈಯಲ್ಲಿ ಹಿಡಿದು ನಡೆ,*
*ಅಮ್ಮನಿಗೆ ಈಗಷ್ಟೇ ರಾತ್ರಿ.*

ಅಕ್ಕ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಆ ಒಂದೇ ಕೋಣೆಯ ಮನೆಯಲ್ಲಿ ಚಮಚ ಬೀಳುವ ಹಾಗಿರಲಿಲ್ಲ. ಗುಬ್ಬಿ ಆಗ ನನ್ನ ಮೊಣಕಾಲೆತ್ತರ. ಇಡೀ ಹಗಲು ಪಿಸುಮಾತಿನಲ್ಲೇ ಆಡಿಕೊಳ್ಳುವ ಮಗು. ನೋಡಲಾಗದೆ ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಗೆ ತಂದು, ಈ ಹಾಸಿಗೆಗಳ ನಡುವೆ ಇಳಿಸಿ, “ಇಲ್ಲಿ ಎಷ್ಟು ಬೇಕಾದ್ರೂ ಕಿರುಚ್ಕೋ, ಯಾರೂ ಏಳಲ್ಲ,” ಎಂದಿದ್ದೆ. ಕಿರುಚಿದಳು ನೋಡಿ! ಆವತ್ತು ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ.

ಹಾಡಿನಲ್ಲಿ ಅದೆಲ್ಲ ಇತ್ತು. ಬಾಗಿಲ ಸಂದಿಯ ಬೆಳಕು ಇತ್ತು, ತಟ್ಟೆಯ ಮೇಲಿನ ತಟ್ಟೆ ಇತ್ತು. ಮಾವ ಇರಲಿಲ್ಲ. ಇಡೀ ಹಾಡಿನಲ್ಲಿ ಮಾವನ ಸುದ್ದಿಯೇ ಇಲ್ಲ. ಇರಲಿ.

ಗಡ್ಡ ಕಣ್ಣು ಮುಚ್ಚಿದ್ದ. ಹೆಡ್‌ಫೋನಿನವನು ಹೆಬ್ಬೆರಳೆತ್ತಿ ಹಾಗೇ ಕಲ್ಲಾಗಿದ್ದ. ಈ ಸಲ ಬಂದಿದೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ನನಗೂ ಗೊತ್ತಾಯಿತು. ಆ ಹೊತ್ತಿಗೆ ಸರಿಯಾಗಿ ಧೂಳು ತಲುಪಿತು.

ಮೂಗಿನ ಬುಡದಲ್ಲಿ ಇರುವೆ ಸಾಲು ಹೊರಟ ಹಾಗಾಯಿತು. ಇದು ಸ್ಟುಡಿಯೊದ ಕೋಳಿಸೀನಲ್ಲ. ಇದು ನಿಜವಾದದ್ದು, ಮೊದಲನೆಯದರ ಅಪ್ಪ. ಜೀವಮಾನದಲ್ಲಿ ಇಂಥದ್ದು ಬಂದಿರಲಿಲ್ಲ. ಬಿಟ್ಟಿದ್ದರೆ ದೇಶವೇ ಸೀನುತ್ತಿತ್ತು.

ಸದ್ದಿಲ್ಲದೆ ಸ್ಟೂಲಿನಿಂದ ಜಾರಿ, ಎದುರಿನ ಜೋಡಿ ಹಾಸಿಗೆಯಲ್ಲಿ ಮುಖ ಹುದುಗಿಸಿ, ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ನಾನೇ ಹೊಲಿದ ಅಂಚು, ಕಿತ್ತು ಬರಲಿಲ್ಲ. ಕಣ್ಣಲ್ಲಿ ನೀರು ಧಾರೆಯಾಯಿತು, ಕಿವಿ ಗುಂಯ್‌ಗುಟ್ಟಿತು. ಹಾಡು ಮುಗಿದ ಮೇಲೆ ಇಷ್ಟು ಹೊತ್ತು ಮೌನ ಯಾರಾದರೂ ಇಡುತ್ತಾರೆಯೇ! ಗುಬ್ಬಿಯ ಕೈ ಮೇಲೇಳುವಷ್ಟರಲ್ಲಿ ನನ್ನ ಆಯಸ್ಸು ಅರ್ಧ ಮುಗಿದಿತ್ತು.

ಕೈ ಎದ್ದಿತು. ಡಬ್ಬ ಕುಣಿದ. ನಾನು ಬಾಯಿ ಬಿಟ್ಟು ಕಾದೆ. ಸೀನು ಹೊರಟುಹೋಗಿತ್ತು.

“ಮಾವ, ಅಳ್ತಿದೀಯಾ?” ಗುಬ್ಬಿ ಓಡಿ ಬಂದಳು.

“ಇಲ್ಲಮ್ಮ, ಮೂಗಿಗೆ ಅರಳೆ ಹೋಯ್ತು.”

“ಅಳೋಕೂ ನಿಂಗೊಂದು ನೆಪ ಬೇಕು,” ಎಂದು ತಬ್ಬಿಕೊಂಡಳು. ಅವಳ ಹಿಂದೆ ಹೆಂಡತಿ ಮೆಲ್ಲಗೆ ಬಂದು, ಕಾಲಿನಿಂದ ಬಟ್ಟೆ ಸರಿಸಿ ಅರಳೆ ರಾಶಿಯನ್ನು ಮುಚ್ಚಿದಳು.

ಕಣ್ಣೀರು ಸೀನಿನದೇ. ಬಹುಪಾಲು.


ಏಪ್ರಿಲ್ ೩, ಬುಧವಾರ

ತಡೆಹಿಡಿದ ಸೀನು ಎಲ್ಲಿಗೆ ಹೋಗುತ್ತದೆ? ಹೆಂಡತಿಯನ್ನು ಕೇಳಿದೆ. “ತಲೆಗೆ. ಅಲ್ಲಿ ಜಾಗ ಬೇಕಾದಷ್ಟಿದೆ,” ಎಂದಳು.


ಮೇ ೧೮, ಶನಿವಾರ

ಆಲ್ಬಮ್ ಹೊರಗೆ ಬಂದಿದೆ. ಪತ್ರಿಕೆಯಲ್ಲಿ ಯಾರೋ ಬರೆದಿದ್ದಾರೆ: ಮೊದಲನೆಯದರ ತುಂಟತನ ಎರಡನೆಯದರಲ್ಲಿಲ್ಲ, ತಂಡದವರು ಏಕೋ ದೊಡ್ಡವರಾಗಲು ಹೊರಟಂತಿದೆ. ದೊಡ್ಡವರಾಗದೆ ಇನ್ನೇನು ಚಿಕ್ಕವರಾಗಬೇಕೇ? ಓದು ಕಲಿತವರೆಲ್ಲ ಬರೆಯಲು ಕೂತರೆ ಹೀಗೇ.

ಗಡ್ಡ ತೆಗೆಸಲು ಹೋಗಿದ್ದೆ. (ನನ್ನದು. ಗಿಟಾರಿನವನನ್ನಲ್ಲ.) ಕ್ಷೌರದಂಗಡಿಯವನು ಸೋಪು ಹಚ್ಚಿ, ಒಂದು ಕೆನ್ನೆ ಮುಗಿಸಿ, “ನಾನು ಹೇಳಿರ್ಲಿಲ್ವಾ?” ಎಂದ.

“ಕೊನೇ ಹಾಡು ಕೇಳಿದ್ಯಾ?”

“ಸೀನಿಲ್ಲ ಅಂದ್ಮೇಲೆ ಕೊನೇವರೆಗೆ ಯಾರ್ ಹೋಗ್ತಾರೆ?”

“ಸೀನು, ಸೀನು! ಅದೊಂದು ಬಿಟ್ರೆ ನಿಂಗೆ ಬೇರೇನೂ ಕಿವಿಗೆ ಬೀಳಲ್ವಾ? ಹಾಡು ಕೇಳಯ್ಯ, ಹಾಡು!”

“ಯಾರು ಹೇಳ್ತಿರೋದು ಇದನ್ನ!” ಎಂದು ಅವನು ಕತ್ತಿ ಹಿಡಿದುಕೊಂಡೇ ನಕ್ಕ. ಅದರಲ್ಲಿ ನಗುವಂಥದ್ದೇನಿತ್ತೋ ತಿಳಿಯದು. ಎದ್ದು ಬಂದುಬಿಟ್ಟೆ.

“ರೀ, ಉಳಿದರ್ಧ ಮುಖ ಎಲ್ಲಿ ಬಿಟ್ಟು ಬಂದ್ರಿ?” ಎಂದಳು ಹೆಂಡತಿ.

ಗುಬ್ಬಿ ಹಿಂದಿನ ಕೋಣೆಯಲ್ಲಿ ಎರಡು ಹಾಸಿಗೆಗಳ ನಡುವೆ ತೂರಿಕೊಂಡು ಮಲಗಿದ್ದಳು. ಜೂನ್ ಒಂಬತ್ತಕ್ಕೆ ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ. ಹೊಸ ಹಾಡಿಗೆ ಜನ ಕೂತರೆ ಮೂರನೆಯ ಆಲ್ಬಮ್. ಹಳೆಯದನ್ನೇ ಕೇಳಿದರೆ ಇಲ್ಲಿಗೆ ಮುಗಿಯಿತು ಎಂದಿದ್ದಾರಂತೆ ಕಂಪನಿಯವರು. ಏನಾದರೂ ಹೇಳೋಣವೆಂದು ಹೋದೆ. ಪಕ್ಕದಲ್ಲಿ ಕೂತು ಒಂದು ದಿಂಬಿನ ಗವಸು ಮುಗಿಸಿದೆ. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ.


ಜೂನ್ ೯, ಭಾನುವಾರ

ಸಭಾಂಗಣ ತುಂಬಿತ್ತು. ಅಕ್ಕ ಮೊದಲ ಸಾಲಿನಲ್ಲಿ, ನಾನೂ ಹೆಂಡತಿಯೂ ಅವಳ ಹಿಂದೆ. ಮೊದಲಿಗೆ ಹಳೇ ಹಾಡು. ಸೀನಿನ ಜಾಗದಲ್ಲಿ ಸಭೆ ಒಂದೇ ಸಲ ಸೀನಿದಾಗ ಎದ್ದು ನಿಂತು ಎಲ್ಲ ದಿಕ್ಕಿಗೂ ಕೈ ಮುಗಿದೆ. “ಕೂತ್ಕೊಳ್ರೀ, ಕಾಣಲ್ಲ,” ಎಂದರು ಹಿಂದಿನವರು.

ಹೊಸ ಹಾಡುಗಳು ಶುರುವಾದವು. ಕೆಲವರು ಕೇಳಿದರು. ಕೆಲವರು ಮೊಬೈಲು ನೋಡಿದರು, ಕೆಲವರು ಕಡಲೆಕಾಯಿ ಬಿಡಿಸಿದರು. ಕೊನೆಗೆ ಗುಬ್ಬಿ, “ಇನ್ನೊಂದೇ ಹಾಡು. ಸ್ವಲ್ಪ ನಿಧಾನದ್ದು,” ಎಂದಳು. ಹಿಂದಿನಿಂದ ಯಾರೋ “ಸೀನು!” ಎಂದು ಕೂಗಿದರು. ಆಮೇಲೆ ಆ ಕಡೆ, ಈ ಕಡೆ, ಎಲ್ಲ ಕಡೆ: “ಸೀನು! ಸೀನು!” ಕಾಲು ಬಡಿದರು. ಗಡ್ಡ ಗಿಟಾರು ಕೆಳಗಿಳಿಸಿದ. ಕಂಪನಿಯವರು ಪಕ್ಕದ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡರು.

ಡಬ್ಬನಿಗೆ ದಿಕ್ಕು ತಪ್ಪಿತು. ಮೈಕು ಎಳೆದುಕೊಂಡು, “ಸೀನಿದ ಮಾವ ಇಲ್ಲೇ ಇದಾರೆ! ಮಾವ, ಬನ್ನಿ ಮೇಲೆ!” ಎಂದುಬಿಟ್ಟ.

ಸಭೆ ಹುಚ್ಚೆದ್ದಿತು. ಯಾರು ಯಾರೋ ನನ್ನನ್ನು ಎತ್ತಿ ವೇದಿಕೆಗೆ ದಾಟಿಸಿದರು. ಆ ಬೆಳಕು, ಆ ಚಪ್ಪಾಳೆ! ಇಂಥ ದಿನಕ್ಕೆಂದು ಒಂದು ಭಾಷಣ ಬಾಯಿಪಾಠ ಮಾಡಿಟ್ಟಿದ್ದೆ. ಹುಟ್ಟಿದ್ದು ಎಲ್ಲಿ, ಮೊದಲ ಸಲ ಸೀನಿದ್ದು ಎಲ್ಲಿ, ಎಲ್ಲವೂ ಅದರಲ್ಲಿತ್ತು. ಮೈಕಿಗಾಗಿ ಗುಬ್ಬಿಯ ಕಡೆ ತಿರುಗಿದೆ. ಅವಳು ಎರಡೂ ಕೈಯಲ್ಲಿ ಮೈಕಿನ ಕೋಲು ಹಿಡಿದುಕೊಂಡು ನಿಂತಿದ್ದಳು. “ತಗೋ ಮಾವ,” ಎಂದಳು, ಪಿಸುಮಾತಿನಲ್ಲಿ.

ಭಾಷಣ ಮರೆತುಹೋಯಿತು. ಎಲ್ಲರೂ ನನ್ನ ಮೂಗನ್ನೇ ನೋಡುತ್ತಿದ್ದರು.

“ಸೀನೋದು ಆಯ್ತಲ್ಲ,” ಎಂದೆ. “ಇನ್ನು ಸ್ವಲ್ಪ ಮೆಲ್ಲಗಿರಿ. ನಮ್ಮಕ್ಕ ಮಲಗಿದಾಳೆ.”

ಮೊದಲ ಸಾಲಿನಿಂದ ಅಕ್ಕ ಎದ್ದು ನಿಂತಳು. “ಲೇ, ಎದ್ದೇ ಕೂತಿದೀನಲ್ಲೋ! ಕಣ್ಣು ಕಾಣಲ್ವಾ ನಿಂಗೆ?”

ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗು ಇಳಿಯುವ ಹೊತ್ತಿಗೆ ಸರಿಯಾಗಿ ಗುಬ್ಬಿ ಗಡ್ಡನಿಗೆ ತಲೆಯಾಡಿಸಿದಳು. ಗಿಟಾರು ಬಂತು. ನಾನು ಇಳಿಯಲು ಮೆಟ್ಟಿಲು ಹುಡುಕುತ್ತಿದ್ದಾಗ ಮಾತೂ ಬಂತು. ಅಕ್ಕ ಕೂತುಕೊಳ್ಳುವುದನ್ನು ಮರೆತಳು. ಕಡಲೆಕಾಯಿಯ ಸದ್ದು ನಿಂತಿತು. ಹೊರಗೆ ಹೊರಟಿದ್ದ ಒಬ್ಬ ಬಾಗಿಲ ಹಿಡಿಯ ಮೇಲೆ ಕೈಯಿಟ್ಟವನು, ಎಲ್ಲಿ ಕಿರ್ ಎನ್ನುತ್ತದೋ ಎಂದು ಹಾಗೇ ನಿಂತ, ಹಾಡು ಮುಗಿಯುವ ತನಕ. ನಾನೂ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿಕೊಂಡೇ ನಿಂತಿದ್ದೆ.

ಕೊನೆಯ ಮೌನ ಬಂತು. ಗುಬ್ಬಿ ಕೈ ಎತ್ತುವ ತನಕ ಅಷ್ಟು ಜನರಲ್ಲಿ ಒಬ್ಬರೂ ಉಸಿರಾಡಲಿಲ್ಲ. ಆಮೇಲಿನ ಚಪ್ಪಾಳೆಯ ಬಗ್ಗೆ ಬರೆಯುವುದಿಲ್ಲ. ನನಗೆ ಬಂದದ್ದಕ್ಕಿಂತ ಜೋರಾಗಿತ್ತು.

ಕಂಪನಿಯವರು, “ಮೂರನೇದು ಯಾವಾಗ ಶುರು ಮಾಡೋಣ?” ಎಂದು ಗುಬ್ಬಿಯ ಹಿಂದೆಯೇ ತಿರುಗುತ್ತಿದ್ದರು. ಅವಳು, “ಮೊದಲು ಊಟ,” ಎಂದಳು.

ಹೊರಗೆ ಆಲ್ಬಮ್ ಮಾರುವ ಮೇಜಿನ ಹತ್ತಿರ ಒಬ್ಬಳು ಹೆಂಗಸು ಎರಡನ್ನೂ ಎರಡು ಕೈಯಲ್ಲಿ ಹಿಡಿದು ಯೋಚಿಸುತ್ತಿದ್ದಳು. ನನ್ನನ್ನು ಗುರುತು ಹಿಡಿದು ಕೇಳಿದಳು: “ಯಜಮಾನ್ರೇ, ನೀವೇ ಹೇಳಿ. ಒಂದೇ ತಗೊಳ್ಳೋದು ಅಂದ್ರೆ ಯಾವುದು? ಮೊದಲನೇದರಲ್ಲಿ ನೀವಿದೀರಿ.”

“ಎರಡನೇದು,” ಎಂದೆ. “ಮೊದಲನೇದರಲ್ಲಿ ಏನಮ್ಮ, ಒಂದು ಸಲ ಸೀನಿದೀನಿ, ಅಷ್ಟೇ. ಅದನ್ನ ಯಾರು ಬೇಕಾದ್ರೂ ಮಾಡ್ತಾರೆ. ಎರಡನೇದರ ಕೊನೇ ಹಾಡು ಹಾಕಿ, ಬಾಗಿಲು ಮುಚ್ಕೊಂಡು ಕೂತು ಕೇಳಿ. ಅದರಲ್ಲಿ ಉದ್ದಕ್ಕೂ ನಾನು ಸೀನದೇ ಇರೋದು ಎಷ್ಟು ಚೆನ್ನಾಗಿ ಕೇಳ್ಸುತ್ತೆ ಗೊತ್ತಾ!”